ಅಜೀರ್ಣವೂ ಜ್ವರವೂ ಒಟ್ಟಿಗೆ ಬಂದಾಗ ಮನೆಯಲ್ಲಿ ಏನು ನೋಡಬೇಕು, ಏನು ಮಾಡಬೇಕು

ಬೀಗರೂಟ ಉಂಡು ಬಂದ ಮಾರನೇ ದಿನ ಯಾರಿಗಾದರೂ ಮೈ ಬಿಸಿಯಾದರೆ ಮಂಡ್ಯ, ಮೈಸೂರು ಕಡೆಯ ಮನೆಗಳಲ್ಲಿ ಮೊದಲು ಬರುವ ಮಾತು, "ತಿಂದಿದ್ದು ಅರಗಿಲ್ಲ, ಅದಕ್ಕೇ ಜ್ವರ." ಆಮೇಲೆ ಜೀರಿಗೆ ಕಷಾಯ, ಒಂದು ಗ್ಯಾಸ್ಟ್ರಿಕ್ ಮಾತ್ರೆ, ಎರಡು ದಿನ ಉಪವಾಸ. ಬಹಳ ಸಲ ಜ್ವರ ತಾನಾಗಿಯೇ ಇಳಿಯುತ್ತದೆ, ನಂಬಿಕೆ ಗಟ್ಟಿಯಾಗುತ್ತದೆ. ಇಳಿಯದೇ ಹೋದಾಗ ಮಾತ್ರ ಈ ಮಾತು ಅಪಾಯಕಾರಿ. ಟೈಫಾಯ್ಡೋ ಡೆಂಗಿಯೋ ಅಪೆಂಡಿಸೈಟಿಸೋ ಇರುವವರು "ಅರಗಿಲ್ಲ ಅಷ್ಟೇ" ಎಂದುಕೊಂಡು ಮೂರು ನಾಲ್ಕು ದಿನ ಕಳೆದಿರುತ್ತಾರೆ.

ಬರೀ ಅಜೀರ್ಣ ಥರ್ಮಾಮೀಟರನ್ನು ಏರಿಸುವುದಿಲ್ಲ. ಹೊಟ್ಟೆ ಉಬ್ಬರ, ಹುಳಿ ತೇಗು, ಎದೆಯುರಿ, ಹೊಟ್ಟೆ ಭಾರ ಎಷ್ಟೇ ಇದ್ದರೂ ಅದರಿಂದ 101 ಡಿಗ್ರಿ ಜ್ವರ ಬರುವುದಿಲ್ಲ. ಹೊಟ್ಟೆ ಕೆಟ್ಟಿದೆ, ಜ್ವರವೂ ಇದೆ ಎಂದರೆ ಎರಡಕ್ಕೂ ಮೂಲವಾದ ಮೂರನೆಯದೊಂದು ಇದೆ. ಸಾಮಾನ್ಯವಾಗಿ ಅದು ಸೋಂಕು, ಕೆಲವೊಮ್ಮೆ ಹೊಟ್ಟೆಯೊಳಗಿನ ಯಾವುದಾದರೂ ಅಂಗದ ಉರಿಯೂತ. ಅದು ಯಾವುದಿರಬಹುದು ಎಂದು ಅಂದಾಜು ಮಾಡಿ, ಮನೆಯಲ್ಲೇ ನೋಡಿಕೊಳ್ಳಬಹುದೋ ಆಸ್ಪತ್ರೆಗೆ ಹೋಗಬೇಕೋ ಎಂದು ತೀರ್ಮಾನಿಸುವುದೇ ಮನೆಯವರ ಕೆಲಸ.

ನಂಟು ಇಲ್ಲವೆಂದಲ್ಲ, ಅದರ ದಿಕ್ಕು ಬೇರೆ. ಸೋಂಕು ತಗುಲಿದಾಗ ದೇಹದ ರಕ್ಷಣಾ ಕಣಗಳು ಬಿಡುಗಡೆ ಮಾಡುವ ರಾಸಾಯನಿಕಗಳು ಮಿದುಳಿಗೆ ಹೋಗಿ ಮೈಯ ಶಾಖವನ್ನು ಮೇಲಕ್ಕೇರಿಸುತ್ತವೆ. ಅವೇ ರಾಸಾಯನಿಕಗಳು ಹಸಿವನ್ನೂ ಅಡಗಿಸುತ್ತವೆ, ಹೊಟ್ಟೆಯಿಂದ ಕರುಳಿಗೆ ಆಹಾರ ಇಳಿಯುವುದನ್ನೂ ನಿಧಾನ ಮಾಡುತ್ತವೆ. ಜ್ವರ ಬಂದವರಿಗೆ ಊಟ ಸೇರದಿರುವುದು, ತಿಂದದ್ದು ಹೊಟ್ಟೆಯಲ್ಲೇ ಕೂತಂತೆ ಅನ್ನಿಸುವುದು ಇದರಿಂದ. ಅಂದರೆ ಜ್ವರದಿಂದ ಅಜೀರ್ಣವಾಗುವುದೇ ಹೆಚ್ಚು. ಆಯುರ್ವೇದ ಇದನ್ನು ಜಠರಾಗ್ನಿ ಮಂದವಾಗಿ ಆಮ (ಅರಗದೆ ಉಳಿದ ಅಂಶ) ಸೇರುವುದು ಎಂದು ವಿವರಿಸಿ, ಹೊಸ ಜ್ವರಕ್ಕೆ ಲಘು ಆಹಾರ ಹೇಳುತ್ತದೆ. ಕಾರಣದ ವಿವರಣೆ ಬೇರೆಯಾದರೂ ತಟ್ಟೆಯಲ್ಲಿ ಏನಿರಬೇಕು ಎಂಬಲ್ಲಿ ಹಳಬರೂ ಇಂದಿನ ವೈದ್ಯರೂ ಹೆಚ್ಚುಕಡಿಮೆ ಒಂದೇ ಮಾತು ಹೇಳುತ್ತಾರೆ. ತಪ್ಪಾಗುವುದು "ಲಂಘನಂ ಪರಮೌಷಧಂ" (ಉಪವಾಸವೇ ಪರಮ ಔಷಧ) ಎಂಬುದನ್ನು ನೀರಿಗೂ ಹಚ್ಚಿದಾಗ, ಮಕ್ಕಳಿಗೂ ಹಚ್ಚಿದಾಗ.

ಮೊದಲು ಅಳೆಯಿರಿ

ಹಣೆ ಮುಟ್ಟಿ ನೋಡಿ ಜ್ವರ ಎನ್ನಬೇಡಿ. ಖಾರದ ಮಟನ್ ಸಾರು ಉಂಡ ಮೇಲೆ ಮುಖ ಕೆಂಪಾಗಿ ಬೆವರು ಬರುವುದು ಮೆಣಸಿನಕಾಯಿಯ ಕೆಲಸ. ಭಾರೀ ಊಟದ ನಂತರ ಮೈ ಸ್ವಲ್ಪ ಬೆಚ್ಚಗಾಗುವುದೂ ಸಹಜ, ಅದು ಸಾಮಾನ್ಯ ಮಿತಿಯನ್ನು ದಾಟುವುದಿಲ್ಲ. ಡಿಜಿಟಲ್ ಥರ್ಮಾಮೀಟರಿನ ತುದಿಯನ್ನು ನಾಲಿಗೆಯ ಕೆಳಗೆ ಒಂದು ಪಕ್ಕಕ್ಕೆ ಇಟ್ಟು, ಬಾಯಿ ಮುಚ್ಚಿ, ಬೀಪ್ ಬರುವವರೆಗೆ ಕಾಯಿರಿ. ಕಾಫಿ, ಕಷಾಯ, ತಣ್ಣೀರು ಕುಡಿದಿದ್ದರೆ ಅರ್ಧ ಗಂಟೆ ಬಿಟ್ಟು ನೋಡಿ. ಚಿಕ್ಕ ಮಕ್ಕಳಿಗೆ ಕಂಕುಳು ಒರೆಸಿ, ಥರ್ಮಾಮೀಟರ್ ಇಟ್ಟು, ತೋಳನ್ನು ಎದೆಗೆ ಒತ್ತಿ ಹಿಡಿಯಿರಿ. ಕಂಕುಳಲ್ಲಿ ಸುಮಾರು ಒಂದು ಡಿಗ್ರಿ ಫ್ಯಾರನ್‌ಹೀಟ್ ಕಡಿಮೆ ತೋರಿಸಬಹುದು.

100.4 ಡಿಗ್ರಿ ಅಥವಾ ಹೆಚ್ಚಿದ್ದರೆ ಜ್ವರ. ಸಂಜೆ ಹೊತ್ತು ಆರೋಗ್ಯವಂತರಿಗೂ ಬೆಳಗ್ಗೆಗಿಂತ ಅರ್ಧದಿಂದ ಒಂದು ಡಿಗ್ರಿ ಹೆಚ್ಚಿರುತ್ತದೆ. ಹಾಗಾಗಿ ಸಂಜೆ 99 ಕಂಡರೆ ಗಾಬರಿ ಬೇಡ. ಬೆಳಗ್ಗೆ, ಮಧ್ಯಾಹ್ನ, ಸಂಜೆ, ರಾತ್ರಿ ಅಳೆದು ಕ್ಯಾಲೆಂಡರಿನ ಹಿಂಬದಿಯಲ್ಲಾದರೂ ಬರೆದಿಡಿ, ಮಾತ್ರೆ ಕೊಟ್ಟ ಹೊತ್ತನ್ನೂ ಸೇರಿಸಿ. "ಮೂರು ದಿನದಿಂದ ಬಂದು ಬಂದು ಹೋಗ್ತೈತೆ" ಎನ್ನುವುದಕ್ಕಿಂತ ಆ ಚೀಟಿ ವೈದ್ಯರಿಗೆ ಹೆಚ್ಚು ಹೇಳುತ್ತದೆ.

ಜ್ವರವಿಲ್ಲ, ಹೊಟ್ಟೆ ಮಾತ್ರ ಕೆಟ್ಟಿದೆ ಎಂದು ಖಚಿತವಾದರೆ ಒಂದು ಊಟ ಬಿಟ್ಟು, ನೀರು ಮಜ್ಜಿಗೆ ಕುಡಿದು, ಮುಂದಿನ ಹೊತ್ತಿಗೆ ಮೆತ್ತಗಿನ ಅನ್ನ ಉಂಡರೆ ಸಾಕು. ಇಲ್ಲಿ ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು. ನಲವತ್ತು ದಾಟಿದವರಿಗೆ, ಸಕ್ಕರೆ ಕಾಯಿಲೆ, ಬಿಪಿ, ಬೀಡಿ ಸಿಗರೇಟಿನ ಅಭ್ಯಾಸ ಇರುವವರಿಗೆ ಹೊಟ್ಟೆಯ ಮೇಲ್ಭಾಗದಲ್ಲೋ ಎದೆಯ ನಡುವೆಯೋ ಹೊಸದಾಗಿ ಉರಿ ಅಥವಾ ಒತ್ತಡ, ಜೊತೆಗೆ ತಣ್ಣನೆ ಬೆವರು, ಉಸಿರಾಟದ ತೊಂದರೆ ಇದ್ದರೆ ಅದು ಗ್ಯಾಸ್ಟ್ರಿಕ್ ಅಲ್ಲ, ಹೃದಯಾಘಾತ ಇರಬಹುದು ಎಂದೇ ಎಣಿಸಿ. ಓಮದ ನೀರು ಕೊಟ್ಟು ಕಾಯಬೇಡಿ, ತಕ್ಷಣ ಇಸಿಜಿ ಮಾಡಿಸಿ.

ಯಾವಾಗ ಶುರುವಾಯಿತು?

ಊಟದ ಹೊತ್ತಿಗೂ ತೊಂದರೆ ಶುರುವಾದ ಹೊತ್ತಿಗೂ ಎಷ್ಟು ಅಂತರ ಎಂದು ಲೆಕ್ಕ ಹಾಕಿದರೆ ಅರ್ಧ ಗುಟ್ಟು ಬಿಡಿಸಿದಂತೆ.

ಉಂಡು ಒಂದರಿಂದ ಆರು ಗಂಟೆಯೊಳಗೆ ಜೋರು ವಾಂತಿ, ಜ್ವರ ಇಲ್ಲ ಅಥವಾ ಅಲ್ಪ: ಆಹಾರದಲ್ಲಿ ಮೊದಲೇ ಬೆಳೆದಿದ್ದ ಬ್ಯಾಕ್ಟೀರಿಯಾದ ವಿಷ ಕಾರಣವಿರಬಹುದು. ರಾತ್ರಿ ಉಳಿದ ಅನ್ನವನ್ನು ಪಾತ್ರೆಯಲ್ಲೇ ಮುಚ್ಚಿಟ್ಟು ಬೆಳಗ್ಗೆ ಚಿತ್ರಾನ್ನ ಮಾಡಿದಾಗ ಆಗುವುದು ಇದೇ. ಅನ್ನದಲ್ಲಿ ಬದುಕುಳಿದ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಬೆಚ್ಚನೆ ಜಾಗದಲ್ಲಿ ಮೊಳೆತು ವಿಷ ಮಾಡುತ್ತವೆ, ಆ ವಿಷ ಒಗ್ಗರಣೆಯ ಬಿಸಿಗೆ ನಾಶವಾಗುವುದಿಲ್ಲ. ಸಾಮಾನ್ಯವಾಗಿ ಒಂದು ದಿನದಲ್ಲಿ ತಗ್ಗುತ್ತದೆ. ಉಳಿದ ಅನ್ನವನ್ನು ಅಗಲವಾದ ತಟ್ಟೆಯಲ್ಲಿ ಹರಡಿ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಹಾಕಿದರೆ ಈ ತಂಟೆ ತಪ್ಪುತ್ತದೆ.

ಅರ್ಧ ದಿನದಿಂದ ಮೂರು ದಿನದೊಳಗೆ ಭೇದಿ, ಹೊಟ್ಟೆ ನುಲಿತ, ವಾಂತಿ, ಜೊತೆಗೆ ಜ್ವರ: ವೈರಸ್ ಅಥವಾ ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾ ಕರುಳಿಗೆ ಹತ್ತಿದೆ. ಮೊಟ್ಟೆ, ಸರಿಯಾಗಿ ಬೇಯದ ಕೋಳಿ, ಕೊಳಕು ನೀರು, ಕೈ ತೊಳೆಯದೆ ಬಡಿಸಿದ ಊಟ ಇದರ ದಾರಿಗಳು. ನಮ್ಮ ಕಡೆ "ಅಜೀರ್ಣದ ಜ್ವರ" ಎಂದು ಕರೆಯುವುದರಲ್ಲಿ ದೊಡ್ಡ ಪಾಲು ಇದೇ.

ಒಂದೆರಡು ವಾರದ ಹಿಂದೆ ಕುಡಿದ ನೀರು ಇಂದು ಜ್ವರ ತರಬಹುದು: ಅದು ಟೈಫಾಯ್ಡ್. ನಿನ್ನೆಯ ಊಟವನ್ನು ದೂರಿ ಪ್ರಯೋಜನವಿಲ್ಲ. ಜ್ವರ ಮೊದಲ ದಿನವೇ ಏರದೆ ದಿನದಿಂದ ದಿನಕ್ಕೆ ಮೆಟ್ಟಿಲು ಹತ್ತಿದ ಹಾಗೆ ಏರುತ್ತದೆ, ಸಂಜೆ ಹೆಚ್ಚು. ತಲೆನೋವು, ನಾಲಿಗೆಯ ಮೇಲೆ ಬಿಳಿ ಪದರ, ಹೊಟ್ಟೆ ಭಾರ. ದೊಡ್ಡವರಿಗೆ ಭೇದಿಗಿಂತ ಮಲಬದ್ಧತೆಯೇ ಆಗಬಹುದು, ಹಾಗಾಗಿಯೇ ಇದು ಅಜೀರ್ಣದ ವೇಷದಲ್ಲಿ ಮೋಸ ಮಾಡುತ್ತದೆ.

ಕಾಮಾಲೆ ಇನ್ನೂ ಹಿಂದಿನದು. ಹೆಪಟೈಟಿಸ್ ಎ ವೈರಸ್ ಒಳಹೊಕ್ಕು ಎರಡರಿಂದ ಏಳು ವಾರದ ಮೇಲೆ ಸಣ್ಣ ಜ್ವರ, ಓಕರಿಕೆ, ಅಡುಗೆಯ ವಾಸನೆಯೇ ಆಗದಷ್ಟು ಅರುಚಿ. ಕಣ್ಣು ಹಳದಿಯಾಗುವ ಹೊತ್ತಿಗೆ ಜ್ವರ ಇಳಿದಿರುತ್ತದೆ, ಮನೆಯವರು ವಾಸಿಯಾಯಿತು ಎಂದುಕೊಳ್ಳುತ್ತಾರೆ. ಕಣ್ಣಿನ ಬಿಳಿಭಾಗವನ್ನು ಹಗಲಿನ ಬೆಳಕಿನಲ್ಲಿ, ಬಾಗಿಲ ಬಳಿ ನಿಲ್ಲಿಸಿ, ರೆಪ್ಪೆ ಎಳೆದು ನೋಡಿ. ಟ್ಯೂಬ್‌ಲೈಟಿನ ಕೆಳಗೆ ಹಳದಿ ಸುಲಭವಾಗಿ ಕಾಣುವುದಿಲ್ಲ. ಮೂತ್ರವನ್ನು ಬಿಳಿ ಮಗ್ಗಿನಲ್ಲಿ ಹಿಡಿದರೆ ಗಾಢ ಬಣ್ಣ ಕಣ್ಣಿಗಿಂತ ಮೊದಲೇ ತಿಳಿಯುತ್ತದೆ.

ಊಟಕ್ಕೆ ಸಂಬಂಧವೇ ಇಲ್ಲದ ಜ್ವರಗಳು

ಮಳೆಗಾಲದಲ್ಲಿ ಡೆಂಗಿ ಹೊಟ್ಟೆಯಿಂದಲೇ ಮುಖ ತೋರಿಸಬಹುದು. ದಿಢೀರ್ ಜ್ವರ, ಕಣ್ಣಿನ ಹಿಂದೆ ನೋವು, ಮೈಕೈ ನೋವು, ವಾಂತಿ. ಇದರಲ್ಲಿ ಕಷ್ಟದ ದಿನಗಳು ಬರುವುದು ಜ್ವರ ಇಳಿಯುವಾಗ, ಸಾಮಾನ್ಯವಾಗಿ ಮೂರರಿಂದ ಏಳನೇ ದಿನದೊಳಗೆ. ಆಗ ಬಿಡದ ಹೊಟ್ಟೆನೋವು, ಮೇಲಿಂದ ಮೇಲೆ ವಾಂತಿ, ವಸಡು ಮೂಗಿನಲ್ಲಿ ರಕ್ತ, ವಿಪರೀತ ಸುಸ್ತು ಕಂಡರೆ "ಜ್ವರ ಬಿಟ್ಟಿದೆ, ಹೊಟ್ಟೆ ಮಾತ್ರ ಸರಿಯಿಲ್ಲ" ಎಂದು ಮನೆಯಲ್ಲಿ ಉಳಿಯುವುದು ಪ್ರಾಣಕ್ಕೆ ಕುತ್ತು.

ನಾಲೆ ಬಯಲಿನಲ್ಲಿ ಗದ್ದೆ ನಾಟಿ, ಕಬ್ಬು ಕಡಿಯುವ ಕೆಲಸ ಮಾಡುವವರಿಗೆ ಜ್ವರ ವಾಂತಿಯ ಜೊತೆ ಮೀನಖಂಡದಲ್ಲಿ ಮುಟ್ಟಲಾಗದಷ್ಟು ನೋವು, ಕಣ್ಣು ಕೆಂಪು ಇದ್ದರೆ ಇಲಿ ಜ್ವರವನ್ನು ನೆನೆಯಬೇಕು. ಇಲಿ ಮೂತ್ರ ಬೆರೆತ ಕೆಸರು ನೀರು ಕಾಲಿನ ಗಾಯದಿಂದ ಒಳಹೋಗುತ್ತದೆ. ಪೊದೆ, ಹುಲ್ಲಿನಲ್ಲಿ ಓಡಾಡಿದವರ ಕಂಕುಳು, ತೊಡೆಸಂದು, ಸೊಂಟದ ಪಟ್ಟಿ ಜಾಗದಲ್ಲಿ ನೋವಿಲ್ಲದ ಕಪ್ಪು ಹಕ್ಕಳೆ ಇದೆಯೇ ನೋಡಿ. ಅದು ಸಣ್ಣ ಹುಳ ಕಚ್ಚಿ ಬರುವ ಸ್ಕ್ರಬ್ ಟೈಫಸ್ ಎಂಬ ಜ್ವರದ ಗುರುತು. ಇವೆರಡಕ್ಕೂ ಬೇಗ ಶುರುಮಾಡಿದರೆ ಒಳ್ಳೆಯ ಔಷಧಿ ಇದೆ, ಆದ್ದರಿಂದ ಯಾವ ಕೆಲಸ ಮಾಡುತ್ತೀರಿ ಎಂಬುದನ್ನು ವೈದ್ಯರಿಗೆ ಕೇಳದಿದ್ದರೂ ಹೇಳಿ.

ಬೇಸಿಗೆಯ ಉರಿಬಿಸಿಲಿನಲ್ಲಿ ಹೊಲದಲ್ಲಿದ್ದವರು ವಾಂತಿ ಮಾಡಿ, ತಡಬಡಾಯಿಸಿ ಮಾತಾಡುತ್ತಾ, 104 ಡಿಗ್ರಿ ದಾಟಿದ್ದರೆ ಅದು ಬಿಸಿಲಾಘಾತ. ಪ್ಯಾರಾಸಿಟಮಾಲ್ ಇದಕ್ಕೆ ಕೆಲಸ ಮಾಡುವುದಿಲ್ಲ. ನೆರಳಿಗೆ ತಂದು, ಬಟ್ಟೆ ಸಡಿಲಿಸಿ, ಮೈಮೇಲೆ ನೀರು ಸುರಿದು ಗಾಳಿ ಬೀಸುತ್ತಲೇ 108ಕ್ಕೆ ಕರೆ ಮಾಡಿ.

ನೋವಿನ ಜಾಗವೂ ಮಾತಾಡುತ್ತದೆ. ಹೊಕ್ಕುಳ ಸುತ್ತ ಶುರುವಾಗಿ ಕೆಲವು ಗಂಟೆಗಳಲ್ಲಿ ಬಲಗಡೆ ಕೆಳಹೊಟ್ಟೆಗೆ ಇಳಿದು, ಕೆಮ್ಮಿದರೆ ಹೆಚ್ಚಾಗುವ ನೋವು, ಸಣ್ಣ ಜ್ವರ, ಊಟ ಬೇಡ ಎನ್ನುವುದು ಅಪೆಂಡಿಸೈಟಿಸ್‌ನ ಲಕ್ಷಣ. ಹರಳೆಣ್ಣೆ ಕುಡಿಸಿದರೆ ಅಪೆಂಡಿಕ್ಸ್ ಒಡೆಯುವ ಅಪಾಯವಿದೆ. ಎಣ್ಣೆ ಜಿಡ್ಡಿನ ಊಟದ ಬಳಿಕ ಬಲ ಪಕ್ಕೆಲುಬಿನ ಕೆಳಗೆ ಹಿಡಿದು ಬೆನ್ನಿಗೆ, ಬಲ ಭುಜಕ್ಕೆ ಹಾಯುವ ನೋವಿನ ಜೊತೆ ಚಳಿಜ್ವರ ಬಂದರೆ ಪಿತ್ತಕೋಶದ ತೊಂದರೆ. ಸೊಂಟದ ಪಕ್ಕದಲ್ಲಿ ನೋವು, ಉರಿಮೂತ್ರ, ನಡುಕದ ಜ್ವರವಾದರೆ ಮೂತ್ರದ ಸೋಂಕು, ಬಸುರಿಯರಲ್ಲಿ ಇದನ್ನು ಒಂದು ದಿನವೂ ಬಿಡಬಾರದು. ಎರಡು ವಾರ ಮೀರಿದ ಅರುಚಿ, ಸಂಜೆಯ ಸಣ್ಣ ಜ್ವರ, ತೂಕ ಇಳಿತ ಸೇರಿದರೆ ಹೊಟ್ಟೆಯ ಕ್ಷಯವನ್ನು ಪರೀಕ್ಷಿಸಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಕ್ಷಯದ ಪರೀಕ್ಷೆ, ಔಷಧಿ ಉಚಿತ.

ಮಕ್ಕಳ ಮಾತು ಬೇರೆ. ಕಿವಿನೋವು, ಗಂಟಲುನೋವು, ನ್ಯುಮೋನಿಯಾ ಯಾವುದೇ ಇರಲಿ, ಮಗು ಮೊದಲು ವಾಂತಿ ಮಾಡಬಹುದು. "ದೃಷ್ಟಿಯಾಗಿದೆ", "ಹಲ್ಲು ಬರ್ತಿದೆ" ಎಂದು ಸುಮ್ಮನಿರಬೇಡಿ. ಹಲ್ಲು ಬರುವಾಗ ಮೈ ಕೊಂಚ ಬೆಚ್ಚಗಾಗಬಹುದು, 100.4 ದಾಟಿದರೆ ಕಾರಣ ಬೇರೆಯೇ ಇದೆ. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಮನೆಮದ್ದಿನ ಮಾತೇ ಇಲ್ಲ, ನೇರ ಆಸ್ಪತ್ರೆ.

ಮೊದಲ ಇಪ್ಪತ್ತನಾಲ್ಕು ಗಂಟೆ

ಮೊದಲು ನೀರು, ಆಮೇಲೆ ಊಟ, ಕೊನೆಗೆ ಮಾತ್ರೆ. ನಮ್ಮಲ್ಲಿ ಸಾಮಾನ್ಯವಾಗಿ ಇದು ತಲೆಕೆಳಗಾಗಿರುತ್ತದೆ.

ಭೇದಿಯೋ ವಾಂತಿಯೋ ಇದ್ದರೆ ಓಆರ್‌ಎಸ್ ಶುರುಮಾಡಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಆಶಾ ಕಾರ್ಯಕರ್ತೆಯರ ಬಳಿ ಉಚಿತವಾಗಿ ಸಿಗುತ್ತದೆ. ದೊಡ್ಡ ಪೊಟ್ಟಣ ಒಂದು ಲೀಟರಿಗೆ, ಚಿಕ್ಕದು 200 ಮಿಲಿಗೆ, ಮೇಲೆ ಬರೆದಿರುವುದನ್ನು ಓದಿ ಅಳತೆಯಷ್ಟೇ ಕಾಯಿಸಿ ಆರಿಸಿದ ನೀರಿಗೆ ಪೂರ್ತಿ ಪೊಟ್ಟಣ ಹಾಕಿ. ಲೀಟರಿನ ಪೊಟ್ಟಣದಿಂದ ಅಂದಾಜಿನಲ್ಲಿ ಒಂದು ಚಮಚ ತೆಗೆದು ಲೋಟಕ್ಕೆ ಕಲಕುವುದು ತುಂಬ ಕಾಣುವ ತಪ್ಪು. ಗಟ್ಟಿಯಾದರೆ ಮಗುವಿನ ರಕ್ತದಲ್ಲಿ ಉಪ್ಪು ಏರುತ್ತದೆ, ತೆಳುವಾದರೆ ಉಪಯೋಗವಿಲ್ಲ. ಕಲಸಿದ್ದನ್ನು ಒಂದು ದಿನದ ಮೇಲೆ ಚೆಲ್ಲಿ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ನೀರಿಗೆ ಟೀ ಚಮಚದಲ್ಲಿ ಮಟ್ಟಸವಾಗಿ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ರುಚಿ ನೋಡಿದಾಗ ಕಣ್ಣೀರಿಗಿಂತ ಉಪ್ಪಾಗಿದ್ದರೆ ಚೆಲ್ಲಿ ಮತ್ತೆ ಮಾಡಿ. ಅಂಗಡಿಯ ಹಣ್ಣಿನ ರುಚಿಯ ಸಿಹಿ ಪಾನೀಯಗಳು ಇದರ ಬದಲಿಯಲ್ಲ, ಹೆಚ್ಚು ಸಕ್ಕರೆ ಭೇದಿಯನ್ನು ಹೆಚ್ಚಿಸುತ್ತದೆ.

ಪ್ರತಿ ಭೇದಿಯ ನಂತರ ಎರಡು ವರ್ಷದೊಳಗಿನ ಮಗುವಿಗೆ 50ರಿಂದ 100 ಮಿಲಿ, ಎರಡರಿಂದ ಹತ್ತು ವರ್ಷದವರಿಗೆ 100ರಿಂದ 200 ಮಿಲಿ, ದೊಡ್ಡವರಿಗೆ ಬೇಕಾದಷ್ಟು. ಕುಡಿದದ್ದು ವಾಂತಿಯಾದರೆ ಹತ್ತು ನಿಮಿಷ ಬಿಟ್ಟು, ಒಂದೆರಡು ನಿಮಿಷಕ್ಕೊಂದು ಚಮಚದಂತೆ ಮತ್ತೆ ಶುರು. ಬಾಯಾರಿದೆ ಎಂದು ಗಟಗಟ ಕುಡಿಸಿದರೆ ತಿರುಗಿ ವಾಂತಿ. ಎದೆಹಾಲು ನಿಲ್ಲಿಸುವಂತಿಲ್ಲ. ಭೇದಿಯಾದ ಮಕ್ಕಳಿಗೆ ಆರು ತಿಂಗಳ ಮೇಲೆ ದಿನಕ್ಕೆ 20 ಮಿಲಿಗ್ರಾಂ, ಎರಡರಿಂದ ಆರು ತಿಂಗಳವರಿಗೆ 10 ಮಿಲಿಗ್ರಾಂ ಜಿಂಕ್, ಭೇದಿ ನಿಂತರೂ 14 ದಿನ ಪೂರ್ತಿ.

ಗಂಜಿಗೆ ಒಂದು ಹಿಡಿ, ಸುಮಾರು 50 ಗ್ರಾಂ, ಅಕ್ಕಿ ನುಚ್ಚನ್ನು ಘಮ ಬರುವವರೆಗೆ ಹುರಿದು ಒಂದು ಲೀಟರ್ ನೀರಿನಲ್ಲಿ ಸಣ್ಣ ಉರಿಯಲ್ಲಿ ಅರ್ಧ ಗಂಟೆ ಬೇಯಿಸಿ. ಕಾಲು ಚಮಚ ಜೀರಿಗೆ, ರುಚಿಗೆ ಉಪ್ಪು. ಮೊದಲು ಮೇಲಿನ ತಿಳಿ, ಅದು ವಾಂತಿಯಾಗದೆ ಹೊಟ್ಟೆಯಲ್ಲಿ ನಿಂತರೆ ಎರಡು ಗಂಟೆ ಬಿಟ್ಟು ಅಗುಳಿನ ಸಮೇತ. ಹೆಸರುಬೇಳೆ ಕಟ್ಟು ಎರಡನೆಯದು: 50 ಗ್ರಾಂ ಬೇಳೆ, 600 ಮಿಲಿ ನೀರು, ಚಿಟಿಕೆ ಅರಿಶಿನ, ಪೂರ್ತಿ ಕರಗುವಂತೆ ಬೇಯಿಸಿ, ಒಗ್ಗರಣೆ ಇಲ್ಲದೆ. ಬೂಸ್ಟು, ಬ್ರೆಡ್ಡು, ಬಿಸ್ಕತ್ತಿಗಿಂತ ಈ ಎರಡು ಬಟ್ಟಲು ಎಷ್ಟೋ ಮೇಲು. ಸಣ್ಣಗೆ ಜಜ್ಜಿದ ಒಂದಿಂಚು ಶುಂಠಿಯನ್ನು ಎರಡು ಲೋಟ ನೀರಿನಲ್ಲಿ ಕುದಿಸಿ ಅರ್ಧಕ್ಕಿಳಿಸಿದ ಕಷಾಯ ದೊಡ್ಡವರ ಓಕರಿಕೆಗೆ ಹಿತ. ಅದರಿಂದ ಸೋಂಕು ಹೋಗುವುದಿಲ್ಲ, ಎದೆಯುರಿ ಇರುವವರಿಗೆ ಹೆಚ್ಚಾದರೆ ಉರಿ ಏರುತ್ತದೆ.

ಮಾತ್ರೆಯ ವಿಷಯ

ಜ್ವರಕ್ಕೆ ಪ್ಯಾರಾಸಿಟಮಾಲ್ ಒಂದೇ ಸಾಕು. ದೊಡ್ಡವರಿಗೆ 500 ಅಥವಾ 650 ಮಿಲಿಗ್ರಾಂ, ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚಿಲ್ಲ. ಕಾಮಾಲೆ ಅನುಮಾನವಿದ್ದರೆ, ಮದ್ಯಪಾನದ ಅಭ್ಯಾಸವಿದ್ದರೆ ವೈದ್ಯರನ್ನು ಕೇಳದೆ ಬೇಡ. ಮಕ್ಕಳಿಗೆ ವಯಸ್ಸಿನ ಮೇಲಲ್ಲ, ತೂಕದ ಮೇಲೆ: ಕಿಲೋಗೆ 10ರಿಂದ 15 ಮಿಲಿಗ್ರಾಂ. ಇಲ್ಲಿ ಎಡವುವುದು ಸಿರಪ್ಪಿನ ಶಕ್ತಿಯಲ್ಲಿ. 5 ಮಿಲಿಗೆ 125 ಮಿಲಿಗ್ರಾಂ ಇರುವುದೂ ಉಂಟು, 250 ಇರುವುದೂ ಉಂಟು. ಹತ್ತು ಕಿಲೋ ಮಗುವಿಗೆ 150 ಮಿಲಿಗ್ರಾಂ ಕೊಡಬೇಕಾದರೆ ಮೊದಲನೆಯದರಲ್ಲಿ 6 ಮಿಲಿ, ಎರಡನೆಯದರಲ್ಲಿ 3 ಮಿಲಿ. ಹಳೆ ಬಾಟಲಿಯ ಅಳತೆಯನ್ನು ಹೊಸ ಬಾಟಲಿಗೆ ಹಚ್ಚಿದರೆ ಎರಡು ಪಟ್ಟು ಒಳಹೋಗುತ್ತದೆ.

ಐಬುಪ್ರೊಫೆನ್, ಡೈಕ್ಲೋಫೆನಾಕ್, ಆಸ್ಪಿರಿನ್ ಬೇಡ. ಕೆಟ್ಟ ಹೊಟ್ಟೆಯನ್ನು ಇನ್ನಷ್ಟು ಕೆಡಿಸುತ್ತವೆ, ಡೆಂಗಿ ಇದ್ದರೆ ರಕ್ತಸ್ರಾವದ ಅಪಾಯ. ಹೃದಯಕ್ಕೆಂದು ವೈದ್ಯರೇ ಆಸ್ಪಿರಿನ್ ಬರೆದುಕೊಟ್ಟಿದ್ದರೆ ಅವರನ್ನೇ ಕೇಳಿ. ಜ್ವರದ ಮಾತ್ರೆಯ ಜೊತೆ ಗ್ಯಾಸ್ಟ್ರಿಕ್ ಮಾತ್ರೆ ನುಂಗುವುದು ರೂಢಿಯಾಗಿದೆ. ಪ್ಯಾರಾಸಿಟಮಾಲ್‌ಗೆ ಅದು ಬೇಕಿಲ್ಲ. ಹೊಟ್ಟೆಯ ಆಮ್ಲ ಒಳಬರುವ ಕ್ರಿಮಿಗಳನ್ನು ಕೊಲ್ಲುವ ಕಾವಲು, ಅದನ್ನು ತಿಂಗಳುಗಟ್ಟಲೆ ತಗ್ಗಿಸಿದರೆ ಕರುಳಿನ ಸೋಂಕಿಗೆ ದಾರಿ ಸಲೀಸು. ಜ್ವರ ಅಥವಾ ರಕ್ತಭೇದಿ ಇದ್ದಾಗ ಭೇದಿ ಕಟ್ಟುವ ಮಾತ್ರೆಯೂ ತಪ್ಪು, ಮಕ್ಕಳಿಗಂತೂ ಕೊಡಲೇಬಾರದು.

ಆಂಟಿಬಯೋಟಿಕನ್ನು ಮೆಡಿಕಲ್ ಶಾಪಿನಿಂದ ಎರಡು ದಿನಕ್ಕೆ ತಂದು ನುಂಗಿದರೆ ಟೈಫಾಯ್ಡ್ ವಾಸಿಯಾಗುವುದಿಲ್ಲ, ರಕ್ತದ ಕಲ್ಚರಿನಲ್ಲಿ (ರಕ್ತದಲ್ಲಿರುವ ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆ) ಬ್ಯಾಕ್ಟೀರಿಯಾ ಸಿಗುವ ಅವಕಾಶವೂ ತಪ್ಪುತ್ತದೆ. ಮೊದಲ ವಾರದಲ್ಲಿ ಆ ಕಲ್ಚರೇ ನಂಬಬಹುದಾದ ಪರೀಕ್ಷೆ. ವೈಡಾಲ್ ಎಂಬ ರಕ್ತಪರೀಕ್ಷೆಯ ಒಂದೇ ಒಂದು ವರದಿ ನೋಡಿ ಟೈಫಾಯ್ಡ್ ಎಂದು ತೀರ್ಮಾನಿಸುವಂತಿಲ್ಲ, ಹಳೆಯ ಸೋಂಕಿಗೂ ಅದು ಪಾಸಿಟಿವ್ ತೋರಿಸಬಹುದು. ಡೆಂಗಿಯ ಎನ್‌ಎಸ್1 ಪರೀಕ್ಷೆ ಮೊದಲ ಐದು ದಿನದಲ್ಲಿ ಮಾಡಿಸಿದರೆ ಅರ್ಥವಿದೆ. ಇನ್ನು "ಒಂದು ಬಾಟಲಿ ಗ್ಲೂಕೋಸ್ ಹಾಕ್ಸಿ" ಎಂಬ ಒತ್ತಾಯ: 500 ಮಿಲಿಯ ಐದು ಪರ್ಸೆಂಟ್ ಬಾಟಲಿಯಲ್ಲಿರುವುದು 25 ಗ್ರಾಂ ಗ್ಲೂಕೋಸ್. ಬಾಯಲ್ಲಿ ಕುಡಿಯಲು ಆಗುವವರಿಗೆ ಅದಕ್ಕಿಂತ ಗಂಜಿ, ಓಆರ್‌ಎಸ್ ಹೆಚ್ಚು ಕೊಡುತ್ತದೆ.

ಸಕ್ಕರೆ ಕಾಯಿಲೆಯವರು ಊಟ ಸೇರುತ್ತಿಲ್ಲವೆಂದು ಇನ್ಸುಲಿನನ್ನು ತಾವಾಗಿಯೇ ನಿಲ್ಲಿಸಬಾರದು. ಜ್ವರದಲ್ಲಿ ಉಪವಾಸವಿದ್ದರೂ ಸಕ್ಕರೆ ಏರಬಹುದು. ನಾಲ್ಕೈದು ಗಂಟೆಗೊಮ್ಮೆ ಪರೀಕ್ಷಿಸಿ, ಅದೇ ದಿನ ವೈದ್ಯರೊಡನೆ ಮಾತಾಡಿ.

ಕಾಯದೆ ಹೊರಡಬೇಕಾದ ಹೊತ್ತು

ಆರೆಂಟು ಗಂಟೆ ಮೂತ್ರವಿಲ್ಲದಿರುವುದು, ಕುಡಿದದ್ದೆಲ್ಲ ವಾಂತಿಯಾಗುವುದು, ಮಲದಲ್ಲಿ ರಕ್ತ ಅಥವಾ ಡಾಂಬರಿನಂಥ ಕಪ್ಪು, ಹೊಟ್ಟೆ ಹಲಗೆಯಂತೆ ಗಟ್ಟಿಯಾಗುವುದು, ಮಂಪರು, ತಡಬಡ ಮಾತು, ಕುತ್ತಿಗೆ ಬಗ್ಗಿಸಲಾಗದಿರುವುದು, ಫಿಟ್ಸ್. ಮಗುವಿನ ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಚಿವುಟಿ ಬಿಡಿ. ತಕ್ಷಣ ಕೂರದೆ ಎರಡು ಸೆಕೆಂಡಿಗೂ ಹೆಚ್ಚು ಮಡಿಕೆ ನಿಂತರೆ, ಕಣ್ಣು ಗುಳಿಬಿದ್ದಿದ್ದರೆ, ಅತ್ತರೂ ಕಣ್ಣೀರಿಲ್ಲದಿದ್ದರೆ ನೀರಿನಂಶ ಬಹಳ ಇಳಿದಿದೆ. ಇವು ಯಾವುವೂ ಇಲ್ಲದೆ ಜ್ವರ ಮಾತ್ರ ಮೂರನೇ ದಿನಕ್ಕೂ ಬಿಡದಿದ್ದರೆ ಅಂದೇ ತೋರಿಸಿ. ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ, ಮಕ್ಕಳಿಗೆ ಅದರ ಪಕ್ಕದ ಚೆಲುವಾಂಬ, ಮಂಡ್ಯದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಮಿಮ್ಸ್ ಆಸ್ಪತ್ರೆ ಇವೆ. ಹೊರಡುವಾಗ ಜ್ವರದ ಚೀಟಿ, ಕೊಟ್ಟ ಮಾತ್ರೆಗಳ ಖಾಲಿ ಸ್ಟ್ರಿಪ್ ಕೈಯಲ್ಲಿರಲಿ. ದಾರಿಯುದ್ದಕ್ಕೂ ಓಆರ್‌ಎಸ್ ಕುಡಿಸುತ್ತಲೇ ಇರಿ, ಆದರೆ ಮಂಪರಿನಲ್ಲಿರುವವರ ಬಾಯಿಗೆ ಏನೂ ಹಾಕಬೇಡಿ. ಅಪೆಂಡಿಸೈಟಿಸ್ ಅನುಮಾನವಿದ್ದರೂ ಏನೂ ಕೊಡಬೇಡಿ, ಆಪರೇಷನ್ ಬೇಕಾಗಬಹುದು.

ಮುದ್ದೆಗೆ ಮರಳುವುದು

ಜ್ವರ ಇಳಿದು ಒಂದು ದಿನ ಕಳೆದ ಮೇಲೆ ಮೆತ್ತಗಿನ ಅನ್ನ, ತಿಳಿಸಾರು, ಹುಳಿಯಿಲ್ಲದ ಮಜ್ಜಿಗೆ, ಬಾಳೆಹಣ್ಣು. ಮುಂದೆ ಇಡ್ಲಿ. ರಾಗಿಯನ್ನು ಮೊದಲು ಅಂಬಲಿಯಾಗಿ ಕೊಡಿ: ಎರಡು ದೊಡ್ಡ ಚಮಚ ಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದೆ ಕದಡಿ, ಮೂರು ಲೋಟ ಕುದಿನೀರಿಗೆ ಹುಯ್ದು ಹತ್ತು ನಿಮಿಷ ಕೈಯಾಡಿಸಿ, ಆರಿದ ಮೇಲೆ ಮಜ್ಜಿಗೆ ಉಪ್ಪು. ಅದು ಸೇರಿ ಹಸಿವು ತಾನಾಗಿ ಬಂದರೆ ಅರ್ಧ ಮುದ್ದೆ, ಖಾರ ಕಡಿಮೆಯ ಸೊಪ್ಪಿನ ಸಾರು. ಹುರುಳಿಕಾಳು, ಹಿತಕಿದ ಬೇಳೆ, ಮಾಂಸ, ಕರಿದದ್ದು ವಾರ ತಡೆಯಲಿ. ಭೇದಿಯಾಗಿದ್ದವರಿಗೆ ಕೆಲವು ದಿನ ಹಾಲು ಅರಗದೆ ಹೊಟ್ಟೆ ಉಬ್ಬರಿಸಬಹುದು. ಕರುಳಿನ ಒಳಪದರ ಚೇತರಿಸಿಕೊಳ್ಳುವವರೆಗೆ ಹಾಲು ಜೀರ್ಣಿಸುವ ಕಿಣ್ವ ಕಡಿಮೆಯಿರುತ್ತದೆ, ಅಲ್ಲಿಯವರೆಗೆ ಹಾಲಿನ ಜಾಗದಲ್ಲಿ ಮೊಸರು. ಮಕ್ಕಳಿಗೆ ಈ ಪಥ್ಯ ಉದ್ದ ಎಳೆಯಬೇಡಿ. ಹಸಿವು ಬಂದ ದಿನವೇ ಮನೆಯ ಮಾಮೂಲಿ ಊಟ ಮೆತ್ತಗೆ ಮಾಡಿ ಕೊಡಿ, ಮುಂದಿನ ಎರಡು ವಾರ ದಿನಕ್ಕೆ ಒಂದು ಊಟ ಹೆಚ್ಚಿಗೆ ಕೊಟ್ಟರೆ ಇಳಿದ ತೂಕ ಮರಳುತ್ತದೆ.